ಚಿಲ್ಲರ್‌ಗೆ ಸ್ಟಾರ್‌-ಡೆಲ್ಟಾ ಸಾಕಾ, ವಿಎಫ್‌ಡಿ ಬೇಕಾ? ಕೊಳ್ಳುವ ಮುಂಚೆ, ಪ್ಯಾನೆಲ್‌ಗೆ ಕೈ ಹಾಕುವ ಮುಂಚೆ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲೋ, ಚಿತ್ರದುರ್ಗ ದಾಟಿ ಹಿರಿಯೂರಿನ ದಾರಿಯಲ್ಲೋ ನಿಮ್ಮದೊಂದು ಘಟಕ ಇದೆ ಅಂದುಕೊಳ್ಳಿ. 55 ಕಿಲೋವ್ಯಾಟ್ ಸ್ಕ್ರೂ ಕಂಪ್ರೆಸರ್ ಇರುವ, ನೀರು ತಣ್ಣಗೆ ಮಾಡುವ ಚಿಲ್ಲರ್. ಹಳೇ ಪ್ಯಾನೆಲ್ ಬದಲಿಸಬೇಕು. ಮೂರು ಕೊಟೇಶನ್ ಬಂದಿವೆ. ಒಂದು ಸ್ಟಾರ್‌-ಡೆಲ್ಟಾ, ಒಂದು ಸಾಫ್ಟ್ ಸ್ಟಾರ್ಟರ್, ಒಂದು ವಿಎಫ್‌ಡಿ. ಮೊದಲೆರಡು ಮೋಟರನ್ನು ಮೆತ್ತಗೆ ಸ್ಟಾರ್ಟ್ ಮಾಡಲಷ್ಟೇ; ವಿಎಫ್‌ಡಿ (ಡ್ರೈವ್ ಅಂತಲೂ ಕರೆಯುತ್ತಾರೆ) ಓಡುವಾಗ ವೇಗವನ್ನೂ ಬದಲಿಸುತ್ತದೆ. ಮೂರನೆಯದರ ಬೆಲೆ ಮೊದಲನೆಯದರ ಹಲವು ಪಟ್ಟು. ಮಾರುವವರ ಮಾತು ಮಾತ್ರ ಯಾವಾಗಲೂ ಒಂದೇ: "ಕರೆಂಟ್ ಉಳಿಯುತ್ತೆ ಸಾರ್, ಹಾಕಿದ ದುಡ್ಡು ಬೇಗ ವಾಪಸ್ ಬರುತ್ತೆ."

ಬರಬಹುದು, ಬರದೇ ಇರಲೂಬಹುದು. ಆ ಲೆಕ್ಕಕ್ಕೆ ಕೂರುವ ಮೊದಲು ಇನ್ನೊಂದು ಪ್ರಶ್ನೆ ಇದೆ. ಕೊಟೇಶನ್‌ನಲ್ಲಿ ಅದನ್ನು ಯಾರೂ ಬರೆಯುವುದಿಲ್ಲ. ಸ್ವಿಚ್ ಆಫ್ ಮಾಡಿದ ಮೇಲೆ ಈ ಪ್ಯಾನೆಲ್ ಒಳಗೆ ಎಲ್ಲೆಲ್ಲಿ ಕರೆಂಟ್ ಉಳಿದಿರುತ್ತದೆ? ನಿಮ್ಮಲ್ಲಿ ಇದಕ್ಕೆ ಕೈ ಹಾಕುವ ಹುಡುಗನಿಗೆ ಅದು ಗೊತ್ತಾ? ಮೂರೂ ಬಗೆಯ ಪ್ಯಾನೆಲ್‌ಗಳಲ್ಲಿ ಇದಕ್ಕೆ ಉತ್ತರ ಬೇರೆ ಬೇರೆ. ನನ್ನ ಪ್ರಕಾರ ಆಯ್ಕೆ ಅರ್ಧ ನಿರ್ಧಾರವಾಗುವುದೇ ಇಲ್ಲಿ.

ಸ್ಟಾರ್ಟಿಂಗ್ ಕರೆಂಟಿನ ಲೆಕ್ಕ

55 ಕಿಲೋವ್ಯಾಟ್ ಮೋಟರ್ 415 ವೋಲ್ಟ್‌ನಲ್ಲಿ ಪೂರ್ತಿ ಲೋಡಿಗೆ ಸುಮಾರು 100 ಆಂಪಿಯರ್ ಎಳೆಯುತ್ತದೆ. ನೇರ ಲೈನಿಗೆ ಕೊಟ್ಟರೆ ಸ್ಟಾರ್ಟ್ ಆಗುವಾಗ ಆರೇಳು ಪಟ್ಟು, ಅಂದರೆ 600 ಆಂಪಿಯರ್‌ಗೂ ಜಾಸ್ತಿ. ಪಕ್ಕದ ಶೆಡ್ಡಿನ ದೀಪ ಮಂಕಾಗುವುದು ಇದರಿಂದಲೇ.

ಸ್ಟಾರ್‌-ಡೆಲ್ಟಾದಲ್ಲಿ ಮೋಟರಿನ ವೈಂಡಿಂಗ್‌ಗಳನ್ನು ಮೊದಲು ಸ್ಟಾರ್ ಆಗಿ ಜೋಡಿಸಿ, ವೇಗ ಬಂದ ಮೇಲೆ ಡೆಲ್ಟಾಗೆ ಬದಲಿಸುತ್ತಾರೆ. ಸ್ಟಾರ್‌ನಲ್ಲಿ ಪ್ರತಿ ವೈಂಡಿಂಗ್‌ಗೆ ಸಿಗುವುದು 240 ವೋಲ್ಟ್. ಲೈನಿನ ಕರೆಂಟ್ ಮೂರನೇ ಒಂದು ಭಾಗಕ್ಕೆ, ಅಂದರೆ ಸುಮಾರು 200 ಆಂಪಿಯರ್‌ಗೆ ಇಳಿಯುತ್ತದೆ. ತಿರುಗಿಸುವ ಬಲವೂ ಮೂರನೇ ಒಂದೇ. ಸ್ಕ್ರೂ ಕಂಪ್ರೆಸರ್ ಲೋಡ್ ಇಳಿಸಿಕೊಂಡೇ ಸ್ಟಾರ್ಟ್ ಆಗುವುದರಿಂದ ಅಷ್ಟು ಬಲ ಸಾಕು. ತೊಂದರೆ ಇರುವುದು ಸ್ಟಾರ್‌ನಿಂದ ಡೆಲ್ಟಾಗೆ ಹಾರುವ ಆ ಕ್ಷಣದಲ್ಲಿ. ಮೋಟರ್ ಅರೆಕ್ಷಣ ಲೈನ್ ಬಿಟ್ಟು ಮತ್ತೆ ಸೇರುತ್ತದೆ. ಆಗ ಬರುವ ಜರ್ಕ್ ನೇರ ಸ್ಟಾರ್ಟಿನಷ್ಟೇ ಜೋರಾಗಿರಬಹುದು. ಈ ಬದಲಾವಣೆ ಮಾಡುವ ದೊಡ್ಡ ಸ್ವಿಚ್, ಅಂದರೆ ಕಂಟ್ಯಾಕ್ಟರ್‌ನ ಟಿಪ್ಪುಗಳು ಸುಡುವುದು ಅಲ್ಲೇ.

ಸಾಫ್ಟ್ ಸ್ಟಾರ್ಟರ್ ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತದೆ. ಜರ್ಕ್ ಇಲ್ಲ. ಆದರೆ ಅಷ್ಟೇ ಬಲ ಬೇಕೆಂದರೆ ಲೈನಿನಿಂದ 300ರಿಂದ 400 ಆಂಪಿಯರ್ ಎಳೆಯುತ್ತದೆ. ಹೌದು, ಸ್ಟಾರ್‌ಗಿಂತ ಜಾಸ್ತಿ. ಇದನ್ನು ಕೇಳಿ ಹುಬ್ಬೇರಿಸುವವರೇ ಹೆಚ್ಚು. ಮೋಟರಿನಲ್ಲಿ ವೋಲ್ಟೇಜ್ ಅರ್ಧಕ್ಕೆ ಇಳಿಸಿದರೆ ಕರೆಂಟ್ ಅರ್ಧವಾಗುತ್ತದೆ, ಬಲ ಮಾತ್ರ ಕಾಲು ಭಾಗಕ್ಕೆ ಬೀಳುತ್ತದೆ. ಸಾಫ್ಟ್ ಸ್ಟಾರ್ಟರ್‌ಗೆ ಈ ಲೆಕ್ಕ ತಪ್ಪಿದ್ದಲ್ಲ. ಅದನ್ನು ಕೊಳ್ಳುವುದು ಮೆತ್ತಗಿನ ಏರಿಕೆಗೆ, ಮೋಟರಿನ ರಕ್ಷಣೆಗೆ. ಕರೆಂಟ್ ಕಡಿಮೆ ಎಂಬ ಆಸೆಗಲ್ಲ.

ವಿಎಫ್‌ಡಿ ಈ ಆಟವನ್ನೇ ಬದಲಿಸುತ್ತದೆ. ವೋಲ್ಟೇಜ್ ಜೊತೆಗೆ ಫ್ರೀಕ್ವೆನ್ಸಿಯನ್ನೂ ಇಳಿಸಿ ಶುರುಮಾಡುವುದರಿಂದ ಲೈನಿನ ಕರೆಂಟ್ ಸೊನ್ನೆಯಿಂದ ಏರುತ್ತಾ ಹೋಗುತ್ತದೆ. 100 ಆಂಪಿಯರ್ ದಾಟುವ ಪ್ರಸಂಗ ಕಡಿಮೆ.

"ಸ್ಟಾರ್ಟಿಂಗ್ ಕರೆಂಟಿನಿಂದ ಎಂಡಿ (ಮ್ಯಾಕ್ಸಿಮಮ್ ಡಿಮ್ಯಾಂಡ್) ಏರುತ್ತೆ, ವಿಎಫ್‌ಡಿ ಹಾಕಿದರೆ ಡಿಮ್ಯಾಂಡ್ ಚಾರ್ಜ್ ಇಳಿಯುತ್ತೆ" ಎಂಬ ಮಾತೂ ಓಡಾಡುತ್ತಿದೆ. ಬೆಸ್ಕಾಂ ಮೀಟರ್ ಡಿಮ್ಯಾಂಡ್ ಲೆಕ್ಕ ಹಾಕುವುದು ಕೆಲವು ನಿಮಿಷಗಳ ಸರಾಸರಿ ಮೇಲೆ. ಹತ್ತು ಸೆಕೆಂಡಿನ ಸ್ಟಾರ್ಟಿಂಗ್ ಅದರಲ್ಲಿ ಕರಗಿಹೋಗುತ್ತದೆ. ಈ ಕಾರಣ ಕೊಟ್ಟು ಮಾರಲು ಬಂದರೆ ಎದ್ದು ನಡೆಯಿರಿ. ಡಿಜಿ (ಡೀಸೆಲ್ ಜನರೇಟರ್) ಮೇಲೆ ಚಿಲ್ಲರ್ ಓಡಿಸಬೇಕಾದರೆ ಮಾತು ಬೇರೆ. ಅಲ್ಲಿ ಸ್ಟಾರ್ಟಿಂಗ್ ಕರೆಂಟೇ ಡಿಜಿ ಸೈಜನ್ನು ತೀರ್ಮಾನಿಸುತ್ತದೆ.

ಉಳಿತಾಯ: ಕಂಪ್ರೆಸರ್ ಲೆಕ್ಕ ಬೇರೆ, ಪಂಪ್ ಲೆಕ್ಕ ಬೇರೆ

ವೇಗ ಇಳಿಸಿದರೆ ಪಂಪ್ ಮತ್ತು ಫ್ಯಾನಿನ ಪವರ್ ಘನದ ಲೆಕ್ಕದಲ್ಲಿ ಇಳಿಯುತ್ತದೆ. 50 ಹರ್ಟ್ಸ್ ಬದಲು 40ರಲ್ಲಿ ಓಡಿಸಿದರೆ ವೇಗ ಶೇ 80, ಪವರ್ ಸುಮಾರು ಶೇ 51. ಮಾರಾಟದ ಕರಪತ್ರದಲ್ಲಿ ಕಾಣುವ ಗ್ರಾಫು ಇದೇ. ಅದೇ ಗ್ರಾಫ್ ತೋರಿಸಿ ಕಂಪ್ರೆಸರ್‌ಗೂ ಡ್ರೈವ್ ಮಾರುತ್ತಾರೆ. ಅದು ಸರಿಯಲ್ಲ. ಸ್ಕ್ರೂ ಆಗಲಿ, ಪಿಸ್ಟನ್ ಇರುವುದಾಗಲಿ, ಪ್ರತಿ ಸುತ್ತಿಗೆ ಇಷ್ಟು ಗ್ಯಾಸ್ ಎಂದು ಅಳೆದು ತಳ್ಳುವ ಯಂತ್ರ. ಅಲ್ಲಿ ಪವರ್ ಇಳಿಯುವುದು ಹೆಚ್ಚುಕಡಿಮೆ ವೇಗದಷ್ಟೇ.

ಹಾಗಂತ ಕಂಪ್ರೆಸರ್‌ಗೆ ವಿಎಫ್‌ಡಿ ದಂಡ ಅಂತಲೂ ಅಲ್ಲ. ಸ್ಲೈಡ್ ವಾಲ್ವ್‌ನಿಂದ ಲೋಡ್ ಇಳಿಸುವ ಸ್ಕ್ರೂ ಕಂಪ್ರೆಸರ್, ಅರ್ಧ ತಂಪಿಗೆ ಅರ್ಧಕ್ಕಿಂತ ಜಾಸ್ತಿಯೇ ಕರೆಂಟ್ ತಿನ್ನುತ್ತದೆ. ದಿನದ ಬಹುಪಾಲು ಅರೆ ಲೋಡಿನಲ್ಲಿ ಓಡುವ ಚಿಲ್ಲರ್‌ಗೆ ವಿಎಫ್‌ಡಿ ಲಾಭವೇ. ದಿನವಿಡೀ ಫುಲ್ ಲೋಡ್ ಓಡುವುದಾದರೆ ಉಲ್ಟಾ: ಡ್ರೈವ್ ತಾನೇ ಶೇ 2ರಿಂದ 3ರಷ್ಟು ಕರೆಂಟನ್ನು ಶಾಖವಾಗಿ ಸುಡುತ್ತದೆ.

ಹಾಲಿನ ಘಟಕಗಳ ಐಸ್ ಬ್ಯಾಂಕ್ ನೋಡಿ. ರಾತ್ರಿಯೆಲ್ಲ ಕಂಪ್ರೆಸರ್ ಒಂದೇ ಸಮ ಓಡಿ ಮಂಜುಗಡ್ಡೆ ಕಟ್ಟುತ್ತದೆ. ಬೆಳಿಗ್ಗೆ ಹಾಲು ಬಂದಾಗ ಆ ಮಂಜೇ ಕೆಲಸ ಮಾಡುತ್ತದೆ. ಏರಿಳಿತವನ್ನು ಮಂಜು ನುಂಗಿಕೊಂಡ ಮೇಲೆ ಡ್ರೈವ್‌ಗೆ ಉಳಿಯುವ ಕೆಲಸ ಏನು? ಅಲ್ಲಿ ಸ್ಟಾರ್‌-ಡೆಲ್ಟಾವೋ ಸಾಫ್ಟ್ ಸ್ಟಾರ್ಟರೋ ಧಾರಾಳ ಸಾಕು. ಹಿರಿಯೂರು, ಹೊಸದುರ್ಗದ ಕಡೆ ದಾಳಿಂಬೆ ಇಡುವ ಕೋಲ್ಡ್ ಸ್ಟೋರೇಜ್‌ನ ಸ್ಥಿತಿ ಬೇರೆ. ಹಣ್ಣು ತುಂಬಿದ ದಿನ ಪೂರ್ತಿ ಲೋಡು, ತಣ್ಣಗಾದ ಮೇಲೆ ವಾರಗಟ್ಟಲೆ ಅರೆಬರೆ ಲೋಡು. ಅಲ್ಲಿ ವಿಎಫ್‌ಡಿ ದುಡಿಯುತ್ತದೆ.

ನನ್ನನ್ನು ಕೇಳಿದರೆ, ಕೈಯಲ್ಲಿ ದುಡ್ಡು ಸ್ವಲ್ಪವೇ ಇದ್ದರೆ ಮೊದಲ ಡ್ರೈವ್ ಕೂಲಿಂಗ್ ಟವರ್ ಫ್ಯಾನಿಗೆ ಹಾಕಿ. ಮೋಟರ್ ಚಿಕ್ಕದು, ಡ್ರೈವ್ ಅಗ್ಗ, ಘನದ ಲೆಕ್ಕ ಪೂರ್ತಿ ಸಿಗುತ್ತದೆ. ದಾವಣಗೆರೆಯ ಡಿಸೆಂಬರ್ ರಾತ್ರಿಯಲ್ಲಿ ಆ ಫ್ಯಾನ್ ಪೂರ್ತಿ ವೇಗದಲ್ಲಿ ಓಡಬೇಕಾದ ಅಗತ್ಯವೇ ಇಲ್ಲ. ಆಮೇಲೆ ಪಂಪು. ಪಂಪಿನಲ್ಲಿ ಒಂದು ಎಚ್ಚರ: ಇವಾಪೊರೇಟರ್‌ಗೆ (ನೀರು ತಣ್ಣಗಾಗುವ ಭಾಗ) ಹೋಗುವ ನೀರು ತಯಾರಕರು ಹೇಳಿದ ಕನಿಷ್ಠ ಮಟ್ಟಕ್ಕಿಂತ ಇಳಿಯಬಾರದು. ಇಳಿದರೆ ನೀರು ಹೆಪ್ಪುಗಟ್ಟಿ ಟ್ಯೂಬ್ ಒಡೆಯುತ್ತದೆ. ಡ್ರೈವ್ ಹಾಕಿದ ಮೇಲೆ, ನೀರು ಕಮ್ಮಿಯಾದರೆ ಯಂತ್ರ ನಿಲ್ಲಿಸುವ ಫ್ಲೋ ಸ್ವಿಚ್‌ಗೆ ಜಂಪರ್ ಹಾಕಿ ಓಡಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಕಂಪ್ರೆಸರ್‌ಗೆ ಹಾಕುವುದಾದರೆ ಎಷ್ಟು ಹರ್ಟ್ಸ್‌ಗಿಂತ ಕೆಳಗೆ ಇಳಿಸಬಾರದು ಎಂದು ಕಂಪ್ರೆಸರ್ ಕಂಪನಿಯಿಂದ ಬರಹದಲ್ಲಿ ತೆಗೆದುಕೊಳ್ಳಿ. ಪಿಸ್ಟನ್ ಕಂಪ್ರೆಸರ್‌ನ ಆಯಿಲ್ ಪಂಪ್ ಅದೇ ಶಾಫ್ಟಿನಿಂದ ಓಡುತ್ತದೆ. ವೇಗ ಕಮ್ಮಿಯಾದರೆ ಎಣ್ಣೆ ಮೇಲೇರುವುದಿಲ್ಲ.

ಆಫ್ ಮಾಡಿದ ಮೇಲೆ ಏನು ಉಳಿದಿರುತ್ತದೆ

ಸ್ಟಾರ್‌-ಡೆಲ್ಟಾದಿಂದ ಶುರುಮಾಡೋಣ. ಮೇನ್ ಎಂಸಿಸಿಬಿ (ಪ್ಯಾನೆಲಿನ ಮುಖ್ಯ ಬ್ರೇಕರ್) ಇಳಿಸಿ ಬೀಗ ಹಾಕಿದರೆ ಅದರಿಂದ ಮುಂದಿನ ಪವರ್ ಭಾಗ ಸತ್ತಂತೆ. ಇದು ಈ ಹಳೇ ಪದ್ಧತಿಯ ದೊಡ್ಡ ಗುಣ. ಕಣ್ಣಿಗೆ ಕಾಣುತ್ತದೆ, ಟೆಸ್ಟರ್‌ಗೆ ಗೊತ್ತಾಗುತ್ತದೆ. ಪವರ್ ಫ್ಯಾಕ್ಟರ್ ಕೆಪಾಸಿಟರನ್ನು ಮೋಟರ್ ಜೊತೆಗೇ ಕಟ್ಟಿದ್ದರೆ ಮಾತ್ರ ಅದು ಖಾಲಿಯಾಗುವವರೆಗೆ ಕಾಯಬೇಕು.

ಸಾಫ್ಟ್ ಸ್ಟಾರ್ಟರ್ ಹಾಗಲ್ಲ. ಒಳಗಿರುವುದು ಥೈರಿಸ್ಟರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್, ಗಾಳಿಯ ಅಂತರ ಕೊಡುವ ಕಂಟ್ಯಾಕ್ಟ್ ಅಲ್ಲ. ಸ್ಟಾಪ್ ಒತ್ತಿದ್ದೀರಿ, ಮೋಟರ್ ನಿಂತಿದೆ, ಆದರೂ ಮೋಟರ್ ಟರ್ಮಿನಲ್‌ನಲ್ಲಿ ಲೀಕೇಜ್ ವೋಲ್ಟೇಜ್ ಇರುತ್ತದೆ. ಅಗ್ಗದ ಮಾದರಿಗಳಲ್ಲಿ ಇನ್ನೂ ಅಪಾಯ. ಎರಡು ಫೇಸ್ ಮಾತ್ರ ಕಂಟ್ರೋಲ್ ಮಾಡಿ ಮೂರನೆಯದನ್ನು ನೇರ ಬಿಟ್ಟಿರುತ್ತಾರೆ. ಮೋಟರ್ ನಿಂತಿದ್ದರೂ ಆ ಒಂದು ಫೇಸ್ ಟರ್ಮಿನಲ್ ಬಾಕ್ಸಿನವರೆಗೂ ಜೀವಂತ. ಆದ್ದರಿಂದ ಸಾಫ್ಟ್ ಸ್ಟಾರ್ಟರ್ ಮುಂದೆ ಲೈನ್ ಕಂಟ್ಯಾಕ್ಟರ್ ಇರಲೇಬೇಕು ಎಂದು ಆರ್ಡರಿನಲ್ಲೇ ಬರೆಯಿರಿ. ಕೆಲಸಕ್ಕೆ ಇಳಿಯುವಾಗ ಅದೂ ಸಾಲದು, ಎಂಸಿಸಿಬಿ ಇಳಿಸಿ ಬೀಗ ಹಾಕಬೇಕು.

ವಿಎಫ್‌ಡಿ ಇನ್ನೊಂದು ಹೆಜ್ಜೆ ಮುಂದೆ. ಒಳಗೆ ಬರುವ ಎಸಿಯನ್ನು ಡಿಸಿ ಮಾಡಿ ಕೆಪಾಸಿಟರ್‌ಗಳಲ್ಲಿ ತುಂಬಿಟ್ಟುಕೊಳ್ಳುತ್ತದೆ. 415 ವೋಲ್ಟ್ ಎಸಿ ಅಲ್ಲಿ ಸುಮಾರು 587 ವೋಲ್ಟ್ ಡಿಸಿ ಆಗಿರುತ್ತದೆ. ಲೈನ್ 440 ಇದ್ದ ದಿನ 620 ದಾಟುತ್ತದೆ. ಎಂಸಿಸಿಬಿ ಇಳಿಸಿ, ಡಿಸ್‌ಪ್ಲೇ ಆರಿಹೋದರೂ ಆ ಚಾರ್ಜ್ ಹೋಗಿರುವುದಿಲ್ಲ. ಎಷ್ಟು ಕಾಯಬೇಕು ಎಂದು ಡ್ರೈವ್ ಮೈಮೇಲೇ ಬರೆದಿರುತ್ತದೆ. ಚಿಕ್ಕದಕ್ಕೆ 5 ನಿಮಿಷ, ದೊಡ್ಡದಕ್ಕೆ 15 ನಿಮಿಷ ಸಾಮಾನ್ಯ. ಕಾದರಷ್ಟೇ ಸಾಲದು. ಡಿಸ್ಚಾರ್ಜ್ ರೆಸಿಸ್ಟರ್ ಕೆಟ್ಟಿದ್ದರೆ ಗಂಟೆ ಕಾದರೂ ಅಷ್ಟೇ. ಡಿಸಿ ಪ್ಲಸ್ ಮತ್ತು ಮೈನಸ್ ಟರ್ಮಿನಲ್ ನಡುವೆ ಮೀಟರ್ ಇಟ್ಟು 50 ವೋಲ್ಟ್‌ಗಿಂತ ಕೆಳಗೆ ಬಂದಿದೆ ಎಂದು ನೋಡಿಯೇ ಕೈ ಹಾಕಬೇಕು. ಮೀಟರ್ 1000 ವೋಲ್ಟ್, ಕ್ಯಾಟ್ ತ್ರೀ ದರ್ಜೆಯದಿರಲಿ. ಅಳೆಯುವ ಮುಂಚೆ ಒಂದು ಲೈವ್ ಪಾಯಿಂಟ್‌ನಲ್ಲಿ ಮೀಟರ್ ಓದುತ್ತಾ ಅಂತ ನೋಡಿ, ಅಳೆದ ಮೇಲೆ ಮತ್ತೊಮ್ಮೆ ಅದೇ ಪಾಯಿಂಟ್‌ನಲ್ಲಿ ನೋಡಿ. ಕೆಟ್ಟ ಮೀಟರೂ ಸೊನ್ನೆಯನ್ನೇ ತೋರಿಸುತ್ತದೆ.

ಡ್ರೈವ್‌ನ ಸ್ಟಾಪ್ ಬಟನ್, ರಿಮೋಟ್ ಸ್ಟಾಪ್, ಸೇಫ್ ಟಾರ್ಕ್ ಆಫ್ ಇನ್‌ಪುಟ್ ಯಾವುದೂ ಕರೆಂಟ್ ಕಟ್ ಮಾಡುವುದಿಲ್ಲ. ಮೋಟರ್ ತಿರುಗದಂತೆ ತಡೆಯುತ್ತವೆ, ಅಷ್ಟೇ. ಸ್ಟಾಪ್ ಒತ್ತಿ ಟರ್ಮಿನಲ್ ಬಾಕ್ಸ್ ಬಿಚ್ಚುವುದೆಂದರೆ ಲೈವ್ ಮೇಲೆ ಕೆಲಸ ಮಾಡಿದ ಹಾಗೇ.

ಇನ್ನು ಮೂರಕ್ಕೂ ಅನ್ವಯಿಸುವ ಮಾತು, ಚಿಲ್ಲರ್ ಪ್ಯಾನೆಲ್‌ನ ವಿಶೇಷ. ಇಲ್ಲಿ ಕರೆಂಟ್ ಒಂದೇ ದಾರಿಯಿಂದ ಬರುವುದಿಲ್ಲ. ಕ್ರ್ಯಾಂಕ್‌ಕೇಸ್ ಹೀಟರ್‌ಗೆ ಬೇರೆ ಸಪ್ಲೈ ಇರುತ್ತದೆ, ಕಂಪ್ರೆಸರ್ ನಿಂತಾಗಲೂ ಎಣ್ಣೆ ಬೆಚ್ಚಗಿರಬೇಕಲ್ಲ. ಕಂಟ್ರೋಲ್ ಸಪ್ಲೈ ಯುಪಿಎಸ್‌ನಿಂದ ಬಂದಿರಬಹುದು. ಪಂಪ್ ಪ್ಯಾನೆಲ್‌ನಿಂದ ಇಂಟರ್‌ಲಾಕ್ ವೈರ್‌ಗಳು 230 ವೋಲ್ಟ್ ಹೊತ್ತು ಬಂದಿರುತ್ತವೆ. ಮೇನ್ ಇಳಿಸಿ "ಎಲ್ಲ ಆಫ್" ಎಂದು ಕಂಟ್ರೋಲ್ ಸ್ಟ್ರಿಪ್‌ಗೆ ಸ್ಕ್ರೂಡ್ರೈವರ್ ಇಟ್ಟವನು ಹೊಡೆಸಿಕೊಳ್ಳುವುದು ಈ ವೈರ್‌ಗಳಿಂದಲೇ. ಹೊರಗಿಂದ ಬರುವ ಸಪ್ಲೈ ಎಷ್ಟಿವೆ, ಎಲ್ಲಿ ಆಫ್ ಮಾಡಬೇಕು ಎಂಬುದನ್ನು ಪ್ಯಾನೆಲ್ ಬಾಗಿಲ ಒಳಗೆ ಕನ್ನಡದಲ್ಲೇ ಬರೆದು ಅಂಟಿಸಿ.

ಹೀಟರ್ ಆಫ್ ಮಾಡಿದ್ದರೆ ಸರ್ವಿಸ್ ಮುಗಿದ ಕೂಡಲೇ ಕಂಪ್ರೆಸರ್ ಓಡಿಸಬೇಡಿ. ಎಣ್ಣೆಯಲ್ಲಿ ಸೇರಿಕೊಂಡ ಗ್ಯಾಸ್ ಬಿಟ್ಟುಹೋಗಲು 12ರಿಂದ 24 ಗಂಟೆ ಹೀಟರ್ ಓಡಬೇಕು. ಉತ್ಪಾದನೆ ನಿಂತಿದೆ, ಮಾಲೀಕರು ತಲೆ ಮೇಲೆ ನಿಂತಿದ್ದಾರೆ, ಆಗ ಇದನ್ನು ಹೇಳುವುದು ಕಷ್ಟ. ಆದ್ದರಿಂದ ಸರ್ವಿಸ್ ದಿನ ನಿಗದಿ ಮಾಡುವಾಗಲೇ ಈ ಒಂದು ದಿನವನ್ನೂ ಸೇರಿಸಿಕೊಂಡಿರಬೇಕು.

ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಷನ್ ಅಳೆಯುವ ಮೀಟರ್) ವಿಷಯ ಬೇರೆಯೇ ಹೇಳಬೇಕು. ಸ್ಟಾರ್‌-ಡೆಲ್ಟಾ ಪ್ಯಾನೆಲ್‌ನಲ್ಲಿ ಕಂಟ್ಯಾಕ್ಟರ್ ಕೆಳಗಿನಿಂದ ಮೋಟರ್ ಕಡೆಗೆ ಮೆಗ್ಗರ್ ಹೊಡೆದು ರೂಢಿ ಆದವರು ಡ್ರೈವ್ ಪ್ಯಾನೆಲ್‌ಗೂ ಹಾಗೇ ಹೊಡೆಯುತ್ತಾರೆ. ಡ್ರೈವ್ ಹೋಯಿತು. ಮೋಟರಿಗೆ ಹೋಗುವ ಯು, ವಿ, ಡಬ್ಲ್ಯೂ ವೈರ್‌ಗಳನ್ನು ಡ್ರೈವ್‌ನಿಂದ ಪೂರ್ತಿ ಬಿಚ್ಚಿ, ಕೇಬಲ್ ಮತ್ತು ಮೋಟರ್‌ಗಷ್ಟೇ ಮೆಗ್ಗರ್ ಕೊಡಬೇಕು. ಸಾಫ್ಟ್ ಸ್ಟಾರ್ಟರ್‌ಗೂ ಇದೇ ನಿಯಮ. ಹರ್ಮೆಟಿಕ್ ಅಥವಾ ಸೆಮಿ ಹರ್ಮೆಟಿಕ್ (ಮೋಟರ್ ಗ್ಯಾಸಿನೊಳಗೇ ಇರುವ) ಕಂಪ್ರೆಸರ್ ಆದರೆ ಇನ್ನೊಂದು: ಸಿಸ್ಟಂ ವ್ಯಾಕ್ಯೂಮ್‌ನಲ್ಲಿರುವಾಗ ಮೆಗ್ಗರ್ ಕೊಡಬಾರದು, ಕರೆಂಟನ್ನಂತೂ ಕೊಡಲೇಬಾರದು. ಗಾಳಿ, ಗ್ಯಾಸ್ ಇಲ್ಲದ ಜಾಗದಲ್ಲಿ ವೈಂಡಿಂಗ್ ನಡುವೆ ಕಡಿಮೆ ವೋಲ್ಟೇಜಿಗೇ ಕಿಡಿ ಹಾರುತ್ತದೆ, ಒಳ್ಳೆಯ ಮೋಟರ್ ಸುಟ್ಟುಹೋಗುತ್ತದೆ. ಗ್ಯಾಸ್ ಹುಡುಗ ವ್ಯಾಕ್ಯೂಮ್ ಪಂಪ್ ಇಟ್ಟಿರುವಾಗಲೇ ಎಲೆಕ್ಟ್ರಿಷಿಯನ್ ಮೆಗ್ಗರ್ ಹಿಡಿದು ಬರುವುದು ಅಪರೂಪವೇನಲ್ಲ. ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡು ಕೆಲಸ ಮಾಡಬೇಕು.

ವೈರಿಂಗ್: ಎಲ್ಲಿ ಕೈ ಬಿಗಿ ಮಾಡಬಾರದು

ಸ್ಟಾರ್‌-ಡೆಲ್ಟಾಗೆ ಮೋಟರ್‌ವರೆಗೆ ಆರು ಕೇಬಲ್ ಕೋರ್ ಬೇಕು. ವೈರ್ ಗುರುತಿನ ಫೆರುಲ್ ನಂಬರ್ ಹಾಕದೆ ಬಿಚ್ಚಿದರೆ ಕೂಡಿಸುವಾಗ ತಲೆನೋವು. ಒಂದು ಜೋಡಿ ಅದಲುಬದಲಾದರೆ ಸ್ಟಾರ್‌ನಲ್ಲಿ ಏನೂ ಗೊತ್ತಾಗದೇ ಇರಬಹುದು, ಡೆಲ್ಟಾಗೆ ಬಿದ್ದ ಕೂಡಲೇ ಢಮ್ ಅನ್ನುತ್ತದೆ. ಓವರ್‌ಲೋಡ್ ರಿಲೇ ವೈಂಡಿಂಗ್ ಸಾಲಿನಲ್ಲಿದ್ದರೆ ಸೆಟ್ಟಿಂಗ್ ಪೂರ್ತಿ ಕರೆಂಟಿಗಲ್ಲ, ಅದರ ಶೇ 58ಕ್ಕೆ. ನಮ್ಮ 100 ಆಂಪಿಯರ್ ಮೋಟರಿಗೆ 58. ಇದನ್ನು 100ಕ್ಕೆ ತಿರುಗಿಸಿ ಇಟ್ಟರೆ ರಿಲೇ ಇದ್ದೂ ಇಲ್ಲದಂತೆ.

ಪಿಸ್ಟನ್ ಕಂಪ್ರೆಸರ್‌ನಲ್ಲೂ ಆರು ಟರ್ಮಿನಲ್ ಕಂಡ ಮಾತ್ರಕ್ಕೆ ಸ್ಟಾರ್‌-ಡೆಲ್ಟಾ ಅಂದುಕೊಳ್ಳಬೇಡಿ. ವೈಂಡಿಂಗನ್ನು ಎರಡು ಭಾಗ ಮಾಡಿದ ಪಾರ್ಟ್ ವೈಂಡಿಂಗ್ ಮೋಟರ್ ಇರಬಹುದು. ನೇಮ್ ಪ್ಲೇಟ್ ಓದದೆ ಕಟ್ಟಿದರೆ ಸೀದಾ ರಿವೈಂಡಿಂಗ್ ಅಂಗಡಿಗೆ.

ವಿಎಫ್‌ಡಿಗೆ ಮೂರೇ ಕೋರ್ ಸಾಕು, ಮೋಟರನ್ನು ನೇಮ್ ಪ್ಲೇಟ್ ಪ್ರಕಾರ ಡೆಲ್ಟಾದಲ್ಲಿ ಕಾಯಂ ಕೂಡಿಸಿರಬೇಕು. ಹಳೇ ಸ್ಟಾರ್‌-ಡೆಲ್ಟಾ ಪ್ಯಾನೆಲ್ ಹಾಗೇ ಇಟ್ಟು, ಅದರ ಮುಂದೆ ಡ್ರೈವ್ ಕೂರಿಸುವ ಜಾಣತನ ಅಲ್ಲಲ್ಲಿ ನಡೆಯುತ್ತದೆ. ಓಡುವಾಗ ಡ್ರೈವ್ ಔಟ್‌ಪುಟ್‌ನಲ್ಲಿ ಕಂಟ್ಯಾಕ್ಟರ್ ಬಿಚ್ಚಿ ಸೇರಿಸಿದರೆ ಡ್ರೈವ್ ಟ್ರಿಪ್ ಆಗುತ್ತದೆ, ಇಲ್ಲವೇ ಅದರೊಳಗಿನ ಎಲೆಕ್ಟ್ರಾನಿಕ್ ಸ್ವಿಚ್ (ಐಜಿಬಿಟಿ) ಹೋಗುತ್ತದೆ. ಡ್ರೈವ್ ಔಟ್‌ಪುಟ್‌ನಲ್ಲಿ ಪವರ್ ಫ್ಯಾಕ್ಟರ್ ಕೆಪಾಸಿಟರ್ ಕೂಡ ಇರಬಾರದು.

ಕೇಬಲ್ ಆಯ್ಕೆಯಲ್ಲಿ ದುಡ್ಡಿನ ಜಗಳ ಹೆಚ್ಚು. ಸ್ಟಾರ್‌-ಡೆಲ್ಟಾ, ಸಾಫ್ಟ್ ಸ್ಟಾರ್ಟರ್ ಎರಡಕ್ಕೂ ನಮ್ಮ ಕಡೆ ಎಲ್ಲೆಡೆ ಸಿಗುವ ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್ ನಡೆಯುತ್ತದೆ. ತಾಮ್ರದ ಟರ್ಮಿನಲ್‌ಗೆ ಬೈಮೆಟಲ್ ಲಗ್ಗು ಹಾಕಿ, ಸರಿಯಾದ ಡೈನಲ್ಲಿ ಕ್ರಿಂಪ್ ಮಾಡಿ. ಡ್ರೈವ್‌ನಿಂದ ಮೋಟರಿಗೆ ಮಾತ್ರ ಸ್ಕ್ರೀನ್ ಇರುವ ತಾಮ್ರದ ಕೇಬಲ್ ಹಾಕಿ, ಸ್ಕ್ರೀನನ್ನು ಎರಡೂ ತುದಿಯಲ್ಲಿ ಸುತ್ತಲೂ ಹಿಡಿಯುವ ಕ್ಲ್ಯಾಂಪಿನಿಂದ ಅರ್ಥ್ ಮಾಡಿ. ಸ್ಕ್ರೀನ್ ತಿರುಚಿ ಬಾಲ ಮಾಡಿ ಒಂದು ಬೋಲ್ಟಿಗೆ ಸಿಕ್ಕಿಸಿದರೆ ಪ್ರಯೋಜನ ಅಷ್ಟಕ್ಕಷ್ಟೇ. ಡ್ರೈವ್ ಕೊಡುವುದು ನುಣುಪಾದ ಅಲೆಯಲ್ಲ, ಸೆಕೆಂಡಿಗೆ ಸಾವಿರಾರು ಸಲ ಹೊಡೆಯುವ ಪಲ್ಸು. ಆ ಗದ್ದಲ ಪಕ್ಕದ ಟೆಂಪರೇಚರ್ ಸೆನ್ಸರ್ ವೈರಿಗೆ ಹತ್ತಿ, ಚಿಲ್ಲರ್ ಕಂಟ್ರೋಲರ್ ಸುಮ್ನೆ ಸುಮ್ನೆ ಅಲಾರಂ ಕೊಡುತ್ತದೆ. ಸೆನ್ಸರ್ ಬದಲಿಸಿದರೂ ಅಲಾರಂ ನಿಲ್ಲುವುದಿಲ್ಲ. ಸೆನ್ಸರ್ ವೈರ್ ಬೇರೆ ಟ್ರೇಯಲ್ಲಿ ಹೋಗಲಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ.

ಮೋಟರ್ ದೂರ ಇದ್ದಷ್ಟೂ ತೊಂದರೆ ಜಾಸ್ತಿ. ಪಲ್ಸು ಕೇಬಲ್ ತುದಿಯಿಂದ ಹಿಂದಕ್ಕೆ ಬಡಿದು, ಮೋಟರ್ ಟರ್ಮಿನಲ್‌ನಲ್ಲಿ ಡಿಸಿ ವೋಲ್ಟೇಜಿನ ಎರಡು ಪಟ್ಟಿನವರೆಗೂ ಏರಬಹುದು. ಹತ್ತಿರ ಹತ್ತಿರ 1200 ವೋಲ್ಟ್. ಹಳೇ ಮೋಟರ್, ಅದರಲ್ಲೂ ಎರಡು ಸಲ ರಿವೈಂಡ್ ಆದದ್ದು, ಇದನ್ನು ತಾಳುವುದು ಕಷ್ಟ. ಕೇಬಲ್ 50 ಮೀಟರ್ ದಾಟಿದರೆ ಪಲ್ಸಿನ ಹೊಡೆತ ಮೆತ್ತಗೆ ಮಾಡುವ ಔಟ್‌ಪುಟ್ ಚೋಕ್ ಅಥವಾ ಡಿವಿ/ಡಿಟಿ ಫಿಲ್ಟರ್ ಬೇಕಾ ಎಂದು ಡ್ರೈವ್ ಮ್ಯಾನ್ಯುಯಲ್‌ನಲ್ಲಿ ನೋಡಿ. ಟೆರೇಸ್ ಮೇಲಿನ ಕೂಲಿಂಗ್ ಟವರ್ ಫ್ಯಾನಿನ ಕೇಬಲ್ ಸುತ್ತಿ ಬಳಸಿ ಹೋಗುವುದರಿಂದ ಈ ಅಳತೆ ಸುಲಭವಾಗಿ ದಾಟುತ್ತದೆ.

ಅರ್ಥಿಂಗ್‌ನಲ್ಲಿ ರಾಜಿ ಬೇಡ. ಡ್ರೈವ್ ಅರ್ಥ್ ವೈರಿಗೆ ಸದಾ ಸ್ವಲ್ಪ ಲೀಕೇಜ್ ಬಿಡುತ್ತಲೇ ಇರುತ್ತದೆ, 3.5 ಮಿಲಿ ಆಂಪಿಯರ್‌ಗಿಂತ ಜಾಸ್ತಿ. ಅರ್ಥ್ ವೈರ್ ಕಡಿದರೆ ಪ್ಯಾನೆಲ್ ಬಾಗಿಲು ಮುಟ್ಟಿದವನೇ ಅರ್ಥ್. ಆದ್ದರಿಂದ ಕನಿಷ್ಠ 10 ಚದರ ಮಿಲಿಮೀಟರ್ ತಾಮ್ರ, ಅಥವಾ ಎರಡು ಪ್ರತ್ಯೇಕ ಅರ್ಥ್ ವೈರ್. ದೊಡ್ಡ ಮೋಟರಿಗೆ ಕೇಬಲ್ ಸೈಜಿಗೆ ತಕ್ಕಂತೆ ಇನ್ನೂ ದಪ್ಪ. ಅರ್ಥ್ ಪಿಟ್‌ಗೆ ಐಎಸ್ 3043 ನೋಡಿ. ಚಿತ್ರದುರ್ಗದ ಕಲ್ಲುನೆಲದಲ್ಲಿ ಪೈಪ್ ಹೂತು ಉಪ್ಪು ಇದ್ದಿಲು ತುಂಬಿದರೆ ಮುಗಿಯಲಿಲ್ಲ. ಏಪ್ರಿಲ್‌ನಲ್ಲಿ ನೆಲ ಒಣಗಿದಾಗ ಅರ್ಥ್ ಟೆಸ್ಟರ್ ಇಟ್ಟು ಅಳೆಯಬೇಕು. ಮಳೆಗಾಲದ ರೀಡಿಂಗ್ ಚೆನ್ನಾಗಿಯೇ ಇರುತ್ತದೆ, ಅದನ್ನು ನಂಬಿ ಕೂರಬಾರದು.

ತಿರುಗುವ ದಿಕ್ಕು ಇನ್ನೊಂದು ಬಲೆ. ಸ್ಕ್ರೂ, ಸ್ಕ್ರೋಲ್ ಕಂಪ್ರೆಸರ್ ಉಲ್ಟಾ ತಿರುಗಿದರೆ ಹಾಳಾಗುತ್ತವೆ. ಹಳೇ ಪ್ಯಾನೆಲ್‌ನಲ್ಲಿ ಫೇಸ್ ಸೀಕ್ವೆನ್ಸ್ ರಿಲೇ ಕಾಯುತ್ತಿತ್ತು. ವಿಎಫ್‌ಡಿ ಬಂದ ಮೇಲೆ ಆರ್, ವೈ, ಬಿ ಹೇಗೇ ಅದಲುಬದಲಾದರೂ ಮೋಟರ್ ದಿಕ್ಕು ಬದಲಾಗುವುದಿಲ್ಲ. ದಿಕ್ಕನ್ನು ತೀರ್ಮಾನಿಸುವುದು ಔಟ್‌ಪುಟ್ ವೈರ್ ಮತ್ತು ಡ್ರೈವ್ ಸೆಟ್ಟಿಂಗು. ಸರ್ವಿಸಿಗೆ ಕೇಬಲ್ ಬಿಚ್ಚಿ ಕಟ್ಟಿದ ಮೇಲೆ ರಿಲೇಯ ಹಸಿರು ದೀಪ ನೋಡಿ ಸಮಾಧಾನ ಪಡಬೇಡಿ. ಕ್ಷಣ ಮಾತ್ರ ಓಡಿಸಿ, ಸಕ್ಷನ್ ಗೇಜ್ ಇಳಿಯುತ್ತಾ, ಡಿಸ್ಚಾರ್ಜ್ ಏರುತ್ತಾ ನೋಡಿ. ಬೈಪಾಸ್ (ಡ್ರೈವ್ ಬಿಟ್ಟು ಮೋಟರನ್ನು ಲೈನಿಗೆ ಸೇರಿಸುವ ದಾರಿ) ಇದ್ದರೆ ಅದರಲ್ಲೂ ಹೀಗೇ ಪ್ರತ್ಯೇಕ ಪರೀಕ್ಷೆ ಆಗಬೇಕು.

ಬೈಪಾಸ್ ಬೇಕಾ?

ಡ್ರೈವ್ ಕೆಟ್ಟರೆ ಬೆಂಗಳೂರಿನಿಂದ ಇಂಜಿನಿಯರ್ ಬರುವವರೆಗೆ ಚಿಲ್ಲರ್ ನಿಲ್ಲಬಾರದು ಎಂದು ಬೈಪಾಸ್ ಕೇಳುವವರು ಬಹಳ. ಹಾಲು, ಹಣ್ಣು ಇರುವವರಿಗೆ ಇದು ನ್ಯಾಯವಾದ ಆಸೆ. ಆದರೆ ಬೈಪಾಸ್ ಕಂಟ್ಯಾಕ್ಟರ್ ಮತ್ತು ಡ್ರೈವ್ ಔಟ್‌ಪುಟ್ ಕಂಟ್ಯಾಕ್ಟರ್ ಒಟ್ಟಿಗೆ ಎಳೆದರೆ ಲೈನಿನ ಕರೆಂಟ್ ಹಿಂದಿನಿಂದ ಡ್ರೈವ್‌ಗೆ ನುಗ್ಗುತ್ತದೆ. ಎರಡರ ನಡುವೆ ಮೆಕ್ಯಾನಿಕಲ್ ಇಂಟರ್‌ಲಾಕ್ ಮತ್ತು ಎಲೆಕ್ಟ್ರಿಕಲ್ ಇಂಟರ್‌ಲಾಕ್ ಎರಡೂ ಇರಬೇಕು. ಬೈಪಾಸ್‌ನಲ್ಲಿ ಓಡಿಸುತ್ತಾ ಡ್ರೈವ್ ರಿಪೇರಿ ಮಾಡುವ ಯೋಚನೆ ಇದ್ದರೆ, ಡ್ರೈವ್‌ನ ಎರಡೂ ಕಡೆ ಬೀಗ ಹಾಕಬಹುದಾದ ಐಸೊಲೇಟರ್ ಹಾಗೂ ಬೇರೆ ಕಪಾಟು ಕೇಳಿ. ಒಂದೇ ಕಪಾಟಿನಲ್ಲಿ ಬೈಪಾಸ್ ಲೈವ್ ಇಟ್ಟುಕೊಂಡು ಪಕ್ಕದಲ್ಲಿ ಡ್ರೈವ್ ಬಿಚ್ಚುವುದನ್ನು ನಾನಂತೂ ಒಪ್ಪುವುದಿಲ್ಲ. ಬೈಪಾಸ್‌ನಲ್ಲಿ ನೇರ ಸ್ಟಾರ್ಟ್ ಆಗುವುದಾದರೆ ಆ 600 ಆಂಪಿಯರ್ ವಾಪಸ್ ಬಂತು ಎಂಬುದೂ ನೆನಪಿರಲಿ.

ಎರಡು ಕಂಪ್ರೆಸರ್ ಇರುವ ಚಿಲ್ಲರ್ ಆದರೆ ನನ್ನ ಮಾತು ಸರಳ. ಒಂದಕ್ಕೆ ವಿಎಫ್‌ಡಿ, ಇನ್ನೊಂದಕ್ಕೆ ಸಾಫ್ಟ್ ಸ್ಟಾರ್ಟರ್ ಅಥವಾ ಸ್ಟಾರ್‌-ಡೆಲ್ಟಾ. ಏರಿಳಿತವನ್ನು ಡ್ರೈವ್ ನೋಡಿಕೊಳ್ಳುತ್ತದೆ, ಅದು ಕೆಟ್ಟ ದಿನ ಇನ್ನೊಂದು ಅರ್ಧ ತಂಪನ್ನಾದರೂ ಕೊಡುತ್ತದೆ. ಬೈಪಾಸ್‌ನ ಗೊಡವೆ ಬೇಡ. ಈ ಜೋಡಿ ನಿಮ್ಮ ಯಂತ್ರದ ಕಂಟ್ರೋಲರ್‌ಗೆ ಒಗ್ಗುತ್ತದಾ ಎಂದು ಚಿಲ್ಲರ್ ತಯಾರಕರನ್ನು ಕೇಳಿಕೊಳ್ಳಿ.

ಬಿಸಿಲು, ಧೂಳು, ಸಿಡಿಲು

ಕರಪತ್ರದಲ್ಲಿ 40 ಡಿಗ್ರಿ ಎಂದು ಬರೆದಿರುವುದು ಡ್ರೈವ್ ಸುತ್ತಲಿನ ಗಾಳಿಯ ಬಿಸಿ. ಏಪ್ರಿಲ್, ಮೇ ತಿಂಗಳಲ್ಲಿ ದಾವಣಗೆರೆಯ ನೆರಳಲ್ಲೇ ಅದರ ಹತ್ತಿರ ಬರುತ್ತದೆ. ತಗಡಿನ ಶೆಡ್ಡು, ಮುಚ್ಚಿದ ಕಪಾಟು, ಜೊತೆಗೆ 55 ಕಿಲೋವ್ಯಾಟ್ ಡ್ರೈವ್ ತಾನೇ ಬಿಡುವ ಸುಮಾರು ಒಂದೂವರೆ ಕಿಲೋವ್ಯಾಟ್ ಶಾಖ. ಕಪಾಟಿನೊಳಗೆ 50 ಸುಲಭವಾಗಿ ದಾಟುತ್ತದೆ. ಒಂದು ಸೈಜ್ ದೊಡ್ಡ ಡ್ರೈವ್ ತೆಗೆದುಕೊಳ್ಳುವುದು ಇಲ್ಲಿ ದುಂದಲ್ಲ. ಸ್ಟಾರ್‌-ಡೆಲ್ಟಾಗೂ ಸ್ಟಾರ್ಟ್ ಮುಗಿದು ತನ್ನ ಬೈಪಾಸ್ ಕಂಟ್ಯಾಕ್ಟರ್‌ಗೆ ದಾಟಿದ ಸಾಫ್ಟ್ ಸ್ಟಾರ್ಟರ್‌ಗೂ ಈ ಚಿಂತೆ ಕಡಿಮೆ.

ಧೂಳಿನಲ್ಲೂ ಜಾತಿಗಳಿವೆ. ದಾವಣಗೆರೆಯ ಮೆಕ್ಕೆಜೋಳದ ಹೊಟ್ಟು, ಹತ್ತಿಯ ನವಿರು ಫ್ಯಾನ್ ಫಿಲ್ಟರ್ ಕಟ್ಟಿಹಾಕುತ್ತವೆ. ಚಿತ್ರದುರ್ಗದ ಭೀಮಸಮುದ್ರದ ಕಡೆಯ ಅದಿರಿನ ಧೂಳು ಅದಕ್ಕಿಂತ ಕೆಟ್ಟದ್ದು. ಬೋರ್ಡಿನ ಮೇಲೆ ಕೂತು ತೇವ ಸೇರಿದರೆ ಕರೆಂಟ್ ಹರಿಯಲು ದಾರಿ ಆಗುತ್ತದೆ. ಕೋಟಿಂಗ್ ಇರುವ ಬೋರ್ಡ್ ಕೇಳಿ, ಧೂಳು, ನೀರು ತಡೆಯುವ ಐಪಿ 54 ದರ್ಜೆಯ ಕಪಾಟು ಕೇಳಿ. ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ, ಅದರಲ್ಲಿ ನೀರು ಎಣ್ಣೆ ಇರುತ್ತದೆ. ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಯಿರಿ. ಅಮೋನಿಯಾ ಪ್ಲಾಂಟ್ ಇರುವವರು ಡ್ರೈವ್ ಪ್ಯಾನೆಲನ್ನು ಪ್ಲಾಂಟ್ ರೂಮಿನಲ್ಲಿ ಇಡಲೇಬಾರದು. ಅಮೋನಿಯಾ ತಾಮ್ರವನ್ನು ತಿನ್ನುತ್ತದೆ.

ಮುಂಗಾರು ಹಿಡಿಯುವ ಮುಂಚಿನ ಗುಡುಗು ಮಳೆಗೆ ಡ್ರೈವ್‌ಗಳು ಹೆಚ್ಚು ಬಲಿಯಾಗುತ್ತವೆ. ಇನ್‌ಕಮರ್‌ನಲ್ಲಿ ಸರ್ಜ್ ಪ್ರೊಟೆಕ್ಷನ್ ಸಾಧನ ಹಾಕಿ, ಅದರ ಕಿಟಕಿ ಕೆಂಪಾಗಿದೆಯಾ ಎಂದು ಮಳೆಗಾಲಕ್ಕೆ ಮುಂಚೆ ಮತ್ತು ನಂತರ ನೋಡಿ. ಎಪಿಎಫ್‌ಸಿ ಪ್ಯಾನೆಲ್ (ಪವರ್ ಫ್ಯಾಕ್ಟರನ್ನು ತಾನೇ ಸರಿಪಡಿಸುವ ಕೆಪಾಸಿಟರ್ ಪ್ಯಾನೆಲ್) ಇರುವ ಘಟಕಕ್ಕೆ ದೊಡ್ಡ ಡ್ರೈವ್ ಬಂದರೆ, ಅದು ಲೈನಿಗೆ ಬಿಡುವ ಗದ್ದಲದ ಅಲೆಗಳಿಂದ (ಹಾರ್ಮೋನಿಕ್ಸ್) ಕೆಪಾಸಿಟರ್‌ಗಳು ಊದಿಕೊಳ್ಳಬಹುದು. ಡ್ರೈವ್‌ಗೆ ಲೈನ್ ಚೋಕ್, ಕೆಪಾಸಿಟರ್‌ಗೆ ಶೇ 7ರ ರಿಯಾಕ್ಟರ್ ಸೇರಿಸಿ ಕೊಟೇಶನ್ ತರಿಸಿ. ಈ ಎರಡನ್ನು ಬಿಟ್ಟು ಬರೆದ ಕೊಟೇಶನ್ ಅಗ್ಗವಾಗಿ ಕಾಣುವುದು ಸಹಜವೇ.

ಸರ್ವಿಸ್ ಯಾರ ಕೈಗೆ

ಇಲ್ಲಿ ಸ್ಟಾರ್‌-ಡೆಲ್ಟಾಗೆ ಎದುರಿಲ್ಲ. ರಾತ್ರಿ ಎರಡು ಗಂಟೆಗೆ ಕಾಯಿಲ್ ಸುಟ್ಟರೂ ಊರಿನ ವೈರ್‌ಮನ್ ಬಂದು ಬದಲಿಸುತ್ತಾನೆ. ಟೈಮರ್, ಕಂಟ್ಯಾಕ್ಟರ್, ರಿಲೇ ಎಲ್ಲ ಊರಲ್ಲೇ ಸಿಗುತ್ತವೆ. ಡ್ರೈವ್‌ಗೆ ಲ್ಯಾಪ್‌ಟಾಪ್, ಪ್ಯಾರಾಮೀಟರ್, ಕಂಪನಿಯ ಬೋರ್ಡು. ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಬರೆಯುವಾಗ ಎಷ್ಟು ಗಂಟೆಯೊಳಗೆ ಬರುತ್ತಾರೆ, ಫ್ಯಾನ್ ಮತ್ತು ಕೆಪಾಸಿಟರ್ ಸೇರಿದೆಯಾ ಎಂಬ ಎರಡು ಸಾಲು ಸೇರಿಸಿ. ಕೂಲಿಂಗ್ ಫ್ಯಾನ್ ಮೂರರಿಂದ ಐದು ವರ್ಷಕ್ಕೆ, ಡಿಸಿ ಕೆಪಾಸಿಟರ್ ಏಳರಿಂದ ಹತ್ತು ವರ್ಷಕ್ಕೆ ಬದಲಿಸುವ ಸಾಮಾನು. ಬಿಸಿಲಿನ ಊರಿನಲ್ಲಿ ಮೊದಲ ಅಂಕಿಯನ್ನೇ ಹಿಡಿಯಿರಿ.

ಯಾರೇ ಮಾಡಲಿ, ಅವರ ಬಳಿ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ವ್ಯವಸ್ಥೆಯಡಿ ಪಡೆದ ಗುತ್ತಿಗೆದಾರರ ಲೈಸೆನ್ಸ್, ಸೂಪರ್‌ವೈಸರ್ ಮತ್ತು ವೈರ್‌ಮನ್ ಪರ್ಮಿಟ್ ಇದೆಯಾ ಎಂದು ಕೇಳಿ ನೋಡಿ. 2023ರಲ್ಲಿ ಬಂದ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಈಗ ಜಾರಿಯಲ್ಲಿವೆ. ಪ್ಯಾನೆಲ್ ಮುಂದೆ ಐಎಸ್ 15652 ಗುರುತಿನ ರಬ್ಬರ್ ಮ್ಯಾಟ್ ಹಾಸಿ. ಹಳೇ ಕನ್ವೇಯರ್ ಬೆಲ್ಟಿನ ತುಂಡು ಅದಕ್ಕೆ ಬದಲಿಯಲ್ಲ, ಅದರೊಳಗೆ ತಂತಿಯೂ ಇರಬಹುದು. ಬೀಗ ಹಾಕಿದವನ ಕೀಲಿ ಅವನ ಜೇಬಲ್ಲೇ ಇರಬೇಕು, ಮೇಜಿನ ಡ್ರಾಯರಿನಲ್ಲಲ್ಲ.

ಸ್ಪೇರ್ ಡ್ರೈವ್ ಕೊಂಡು ಇಡುವ ಯೋಚನೆ ಇರುವವರಿಗೆ ಒಂದು ಮಾತು. ಕರೆಂಟ್ ಕಾಣದೆ ವರ್ಷಕ್ಕಿಂತ ಹೆಚ್ಚು ಕಾಲ ಗೋಡೌನಿನಲ್ಲಿ ಮಲಗಿದ ಡ್ರೈವ್‌ನ ಕೆಪಾಸಿಟರ್‌ಗಳು ಸೊರಗಿರುತ್ತವೆ. ತಂದು ಸೀದಾ 415ಕ್ಕೆ ಸೇರಿಸಿದರೆ ಒಡೆಯಬಹುದು. ಮ್ಯಾನ್ಯುಯಲ್‌ನಲ್ಲಿ ಹೇಳಿದಂತೆ ಕಡಿಮೆ ವೋಲ್ಟೇಜಿನಿಂದ ಮೆಲ್ಲಗೆ ಏರಿಸುತ್ತಾ ಗಂಟೆಗಟ್ಟಲೆ ಇಟ್ಟು ರಿಫಾರ್ಮ್ ಮಾಡಬೇಕು. ಅದಕ್ಕಿಂತ ಸುಲಭ ದಾರಿ, ವರ್ಷಕ್ಕೊಮ್ಮೆ ಅದನ್ನು ಬೆಂಚಿನ ಮೇಲಿಟ್ಟು ಕರೆಂಟ್ ಕೊಡುವುದು. ಸೆಕೆಂಡ್ ಹ್ಯಾಂಡ್ ಡ್ರೈವ್ ಕೊಳ್ಳುವಾಗಲೂ ತಯಾರಾದ ವರ್ಷ ನೋಡಿ, ಎಷ್ಟು ದಿನದಿಂದ ಸುಮ್ನೆ ಬಿದ್ದಿದೆ ಎಂದು ಕೇಳಿ. ಓಡುತ್ತಿರುವ ಡ್ರೈವ್‌ನ ಪ್ಯಾರಾಮೀಟರ್ ಪಟ್ಟಿಯನ್ನು ಕೀಪ್ಯಾಡ್‌ಗೆ ಕಾಪಿ ಮಾಡಿ, ಒಂದು ಪ್ರತಿ ಕಾಗದದಲ್ಲಿ ಬರೆದು ಪ್ಯಾನೆಲ್ ಬಾಗಿಲ ಚೀಲದಲ್ಲಿಡಿ. ಸ್ಪೇರ್ ಡ್ರೈವ್ ಕೂರಿಸುವ ದಿನ ಮೋಟರ್ ಕರೆಂಟ್, ಕನಿಷ್ಠ ಹರ್ಟ್ಸ್, ದಿಕ್ಕು ಈ ಮೂರನ್ನು ಆ ಕಾಗದದ ಜೊತೆ ತಾಳೆ ನೋಡಿದ ಮೇಲೇ ರನ್ ಒತ್ತಿ.